ಕ್ಯಾಪ್ಟನ್ ಮೈಲ್ಸ್ ಸ್ಟ್ಯಾಂಡಿಶ್: ಬದುಕು, ಮನೆತನ, ಜಗಳಗಳು (ಪದೇ ಪದೇ ಕೇಳುವ ಪ್ರಶ್ನೆಗಳು)

ಮೈಲ್ಸ್ ಸ್ಟ್ಯಾಂಡಿಶ್ ಅಂದರೆ ಯಾರು?

ಮೇಫ್ಲವರ್ ಹಡಗು ಹತ್ತಿ 1620ರ ನವೆಂಬರ್‌ನಲ್ಲಿ ಅಮೆರಿಕದ ಪೂರ್ವ ಕರಾವಳಿ ತಲುಪಿದ ಇಂಗ್ಲಿಷ್ ವಲಸಿಗರಲ್ಲಿ ಒಬ್ಬ. ಈಗಿನ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿರುವ ಪ್ಲಿಮತ್ ವಸಾಹತಿನ ಊರಪಡೆಗೆ, ಅಂದರೆ ಮಿಲಿಷಿಯಾಕ್ಕೆ, ಮೊದಲ ಕ್ಯಾಪ್ಟನ್. 1656ರ ಅಕ್ಟೋಬರ್ 3ರಂದು ಪಕ್ಕದ ಡಕ್ಸ್‌ಬರಿ ಊರಿನಲ್ಲಿ ತೀರಿಕೊಂಡ. ನಡುವಿನ 36 ವರ್ಷಗಳಲ್ಲಿ ಕೋಟೆ ಕಟ್ಟಿಸಿದ, ಶತ್ರುವಿನ ತಲೆ ತಂದು ಕೋಟೆಗೆ ಏರಿಸಿದ, ರೋಗಿಗಳ ಬಟ್ಟೆ ಒಗೆದ, ಲಂಡನ್ನಿನಿಂದ ದುಬಾರಿ ಸಾಲ ತಂದ, ಹಸುವಿನ ಪಾಲು ಕೊಂಡ, ಏಳು ಮಕ್ಕಳ ತಂದೆಯಾದ. ಇಷ್ಟೆಲ್ಲ ಇದ್ದೂ ಜನಕ್ಕೆ ಅವನ ನೆನಪು ಉಳಿದಿರುವುದು ಪುರಾವೆಯೇ ಇಲ್ಲದ ಒಂದು ಪ್ರೇಮಪ್ರಸಂಗದಿಂದ! ಅದಕ್ಕೆ ಆಮೇಲೆ ಬರೋಣ.

ಇಲ್ಲಿನ ತಾರೀಖುಗಳು ಆಗಿನ ಜೂಲಿಯನ್ ಪಂಚಾಂಗದವು. ಇಂದಿನ ಲೆಕ್ಕ ಬೇಕಾದವರು 10 ದಿನ ಸೇರಿಸಿಕೊಳ್ಳಿ.

ಹುಟ್ಟಿದ್ದು ಎಲ್ಲಿ, ಯಾವಾಗ?

ಸುಮಾರು 1584 ಎಂದು ಹೇಳುವುದು ವಾಡಿಕೆ. ಊರಿನ ವಿಷಯದಲ್ಲಿ ಎರಡು ಪಕ್ಷಗಳಿವೆ. ಒಂದು ಇಂಗ್ಲೆಂಡಿನ ಲ್ಯಾಂಕಾಷೈರ್ ಅನ್ನುತ್ತದೆ, ಇನ್ನೊಂದು ಐರಿಷ್ ಸಮುದ್ರದ ನಡುವಿನ ಐಲ್ ಆಫ್ ಮ್ಯಾನ್ ದ್ವೀಪ ಅನ್ನುತ್ತದೆ. ಎರಡಕ್ಕೂ ಎಣ್ಣೆ ಹೊಯ್ದವನು ಸ್ವತಃ ಸ್ಟ್ಯಾಂಡಿಶ್. ಲ್ಯಾಂಕಾಷೈರಿನ ಆರ್ಮ್ಸ್‌ಕರ್ಕ್, ಬರ್ಸ್ಕೋ, ನ್ಯೂಬರ್ಗ್ ಮೊದಲಾದ ಊರುಗಳಲ್ಲೂ ಐಲ್ ಆಫ್ ಮ್ಯಾನ್‌ನಲ್ಲೂ ತನಗೆ ಹಕ್ಕಿನ ಜಮೀನುಗಳಿವೆ, ಅವನ್ನು ಯಾರೋ ಮೋಸದಿಂದ ತಡೆಹಿಡಿದಿದ್ದಾರೆ, ತನ್ನ ಮುತ್ತಜ್ಜ ಸ್ಟ್ಯಾಂಡಿಶ್ ಊರಿನ ಸ್ಟ್ಯಾಂಡಿಶ್ ಮನೆತನದ ಕಿರಿಯ ಮಗ ಎಂದು ಉಯಿಲಿನಲ್ಲಿ ಬರೆಸಿ, ಆ ಎಲ್ಲ ಹಕ್ಕನ್ನೂ ಹಿರಿಮಗ ಅಲೆಕ್ಸಾಂಡರನಿಗೆ ಬಿಟ್ಟುಹೋದ.

ಕೈಗೆ ಬಾರದ ಆಸ್ತಿಯನ್ನು ಮಗನಿಗೆ ಬರೆದುಕೊಡುವ ಅಪ್ಪಂದಿರನ್ನು ನಾವೂ ನೋಡಿದ್ದೇವೆ. ಹತ್ತೊಂಬತ್ತನೇ ಶತಮಾನದಲ್ಲಿ ವಂಶಸ್ಥರು ಒಟ್ಟುಗೂಡಿ ಇಂಗ್ಲೆಂಡಿಗೆ ಪ್ರತಿನಿಧಿಯನ್ನು ಕಳಿಸಿ ಹುಡುಕಿಸಿದರು. ಒಂದು ಗುಂಟೆಯೂ ಸಿಗಲಿಲ್ಲ.

ಈಸ್ಟ್ ಇಂಡಿಯಾ ಕಂಪನಿಯವರ ಹಾಗೆ ಇವನೂ ಕಂಪನಿ ಸಿಪಾಯಿಯೇ?

ಹಾಗೆ ಕಲ್ಪಿಸಿಕೊಂಡರೆ ದಾರಿ ತಪ್ಪುತ್ತೇವೆ. ಕಂಪನಿಯವರು ನಮ್ಮ ಕಡೆಗೆ ಬಂದದ್ದು ವ್ಯಾಪಾರಕ್ಕೆ, ಹಣ ಮಾಡಿಕೊಂಡು ಊರಿಗೆ ಮರಳುವುದಕ್ಕೆ. ಪ್ಲಿಮತ್‌ನವರು ಬಂದದ್ದು ಹೆಂಡತಿ ಮಕ್ಕಳ ಸಮೇತ, ಅಲ್ಲೇ ಉಳಿಯುವುದಕ್ಕೆ. ನೆಲ ಬೇಕಾಗಿದ್ದವರು ಅವರು. ಹಾಗೆಂದು ದುಡ್ಡಿನ ನಂಟು ಇರಲಿಲ್ಲ ಅಂತಲ್ಲ: ಹಡಗಿನ ಖರ್ಚು ಹಾಕಿದ್ದು ಲಂಡನ್ನಿನ ವ್ಯಾಪಾರಿಗಳ ಒಂದು ಕೂಟ. ಆ ಸಾಲ ವಸಾಹತಿನ ಬೆನ್ನು ಬಿಡಲು ದಶಕಗಳೇ ಬೇಕಾದವು.

ಇವರಿಗೆ ಸಿಪಾಯಿಯೊಬ್ಬನ ಅಗತ್ಯ ಏಕೆ ಬಿತ್ತು?

ಮೇಫ್ಲವರ್‌ನಲ್ಲಿದ್ದ ಧಾರ್ಮಿಕ ಗುಂಪಿನವರು ಇಂಗ್ಲೆಂಡಿನ ಚರ್ಚಿನ ಜತೆ ಮುರಿದುಕೊಂಡು ಹಾಲೆಂಡಿನ ಲೈಡನ್ ನಗರದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ನೆಲೆಸಿದ್ದವರು. ಬಟ್ಟೆ ನೇಯುವುದು, ಅಚ್ಚು ಹಾಕುವುದು ಬಲ್ಲವರು. ಬಂದೂಕು ಅವರ ಕಸುಬಲ್ಲ. ಸ್ಪೇನಿನ ವಿರುದ್ಧ ಡಚ್ಚರ ನೆರವಿಗೆ ನಿಂತಿದ್ದ ಇಂಗ್ಲಿಷ್ ಪಡೆಗಳಲ್ಲಿ ದುಡಿದಿದ್ದ ಸ್ಟ್ಯಾಂಡಿಶ್‌ಗೆ ಲೈಡನ್ನಿನ ಈ ಸಭೆಯ ಪರಿಚಯ ಅಲ್ಲೇ ಆಯಿತು. ಆ ಕಡಲತೀರದ ನಕ್ಷೆ ಬರೆದಿದ್ದ ಕ್ಯಾಪ್ಟನ್ ಜಾನ್ ಸ್ಮಿತ್ ಕೂಡ ಬರಲು ತಯಾರಿದ್ದ. ಆದರೆ ಅವನ ಪುಸ್ತಕಗಳಿಂದಲೇ ಕಡಿಮೆ ಖರ್ಚಿನಲ್ಲಿ ಕೆಲಸ ಆಗುತ್ತದೆಂದು ಅವನನ್ನು ಕೈಬಿಟ್ಟರಂತೆ. ಹೀಗೆಂದು ಕೊರಗಿದವನು ಸ್ಮಿತ್ತೇ.

ಮಿಲಿಷಿಯಾ ಅಂದರೆ ಸೈನ್ಯವೇ?

ಅಲ್ಲ. ಸಂಬಳ, ಸಮವಸ್ತ್ರ, ಬಿಡಾರ ಯಾವುದೂ ಇಲ್ಲ. ಬೆಳಗ್ಗೆ ಮೆಕ್ಕೆಜೋಳದ ಹೊಲದಲ್ಲಿದ್ದವನೇ ನಗಾರಿ ಕೇಳಿದರೆ ಬಂದೂಕು ಹಿಡಿದು ಬರಬೇಕು. 1621ರ ಫೆಬ್ರವರಿ 17ರಂದು ಸಭೆ ಸೇರಿ ಸ್ಟ್ಯಾಂಡಿಶ್‌ನನ್ನು ಕ್ಯಾಪ್ಟನ್ ಎಂದು ಆರಿಸಿದರು. ಸಭೆ ಮುಗಿಯುವ ಮೊದಲೇ ಎದುರಿನ ಗುಡ್ಡದ ಮೇಲೆ ಇಬ್ಬರು ಮೂಲನಿವಾಸಿಗಳು ಕಾಣಿಸಿಕೊಂಡು ಕೈಸನ್ನೆ ಮಾಡಿದರು. ಹೊಸ ಕ್ಯಾಪ್ಟನ್ ಮತ್ತು ಸ್ಟೀಫನ್ ಹಾಪ್ಕಿನ್ಸ್ ಹಳ್ಳ ದಾಟಿ ಹೋಗಿ, ಸಮಾಧಾನದ ಗುರುತಾಗಿ ಒಂದು ಬಂದೂಕನ್ನು ನೆಲದ ಮೇಲಿಟ್ಟು ಕಾದರು. ಗುಡ್ಡದ ಮೇಲಿದ್ದವರು ನಿಲ್ಲದೆ ಹೊರಟುಹೋದರು.

ಕ್ಯಾಪ್ಟನ್ ಮಾತಿಗೆ ಎಲ್ಲರೂ ತಲೆಬಾಗುತ್ತಿದ್ದರು ಅಂದುಕೊಳ್ಳಬೇಡಿ. ಮರು ತಿಂಗಳೇ ಜಾನ್ ಬಿಲಿಂಗ್ಟನ್ ಎಂಬವನು ಅವನ ಆಜ್ಞೆ ಧಿಕ್ಕರಿಸಿ ಬಾಯಿಗೆ ಬಂದಂತೆ ಬೈದ. ಕತ್ತು ಮತ್ತು ಹಿಮ್ಮಡಿ ಸೇರಿಸಿ ಕಟ್ಟಬೇಕೆಂದು ಶಿಕ್ಷೆಯಾಯಿತು. ತಪ್ಪಾಯಿತೆಂದು ಬೇಡಿಕೊಂಡದ್ದಕ್ಕೆ ಬಿಟ್ಟರು. 1624ರಲ್ಲಿ ಜಾನ್ ಓಲ್ಡಮ್ ಎಂಬವನು ಕಾವಲು ಕೆಲಸಕ್ಕೆ ಕರೆದಾಗ 'ಭಿಕಾರಿ' ಎಂದು ಬೈದು ಚಾಕುವನ್ನೇ ಎಳೆದ.

1622ರ ಹೊತ್ತಿಗೆ ಊರಿನ ಸುತ್ತ ಅರ್ಧ ಮೈಲಿಗೂ ಹೆಚ್ಚು ಉದ್ದದ ಮರದ ದಿಮ್ಮಿಗಳ ಬೇಲಿ ಎದ್ದಿತು, ಅದೂ ಜನ ಅರೆಹೊಟ್ಟೆಯಲ್ಲಿದ್ದಾಗ. ಗಂಡಸರನ್ನು ನಾಲ್ಕು ತುಕಡಿ ಮಾಡಿದ ಸ್ಟ್ಯಾಂಡಿಶ್, ಊರಿಗೆ ಬೆಂಕಿ ಬಿದ್ದರೂ ಒಂದು ತುಕಡಿ ಬೆಂಕಿ ಆರಿಸಲು ಓಡದೆ ಬಂದೂಕು ಹಿಡಿದು ಕಾವಲು ನಿಲ್ಲಬೇಕೆಂದು ಗೊತ್ತು ಮಾಡಿದ. ಆ ವರ್ಷವೇ ಗುಡ್ಡದ ಮೇಲೆ ಕೋಟೆಯೂ ಬಂತು. ಚಾವಣಿಯ ಮೇಲೆ ಫಿರಂಗಿ, ಕೆಳಗೆ ಪ್ರಾರ್ಥನೆ. 1627ರಲ್ಲಿ ಬಂದಿದ್ದ ಡಚ್ ಅಧಿಕಾರಿ ಇಸಾಕ್ ಡಿ ರಾಸಿಯೇರ್ ಕಂಡ ಭಾನುವಾರ ಹೀಗಿದೆ: ನಗಾರಿ ಬಡಿದೊಡನೆ ಪ್ರತಿಯೊಬ್ಬನೂ ಬಂದೂಕು ಹಿಡಿದು ಕ್ಯಾಪ್ಟನ್ ಮನೆಯ ಮುಂದೆ ಸೇರುತ್ತಾನೆ. ಅಲ್ಲಿಂದ ಮೂರು ಮೂರು ಮಂದಿಯ ಸಾಲಿನಲ್ಲಿ, ಈಗ ನಗಾರಿಯಿಲ್ಲದೆ, ಗುಡ್ಡ ಹತ್ತುತ್ತಾರೆ. ಹಿಂದೆ ಉದ್ದ ನಿಲುವಂಗಿಯ ಗವರ್ನರ್, ಅವನ ಬಲಕ್ಕೆ ಧರ್ಮಬೋಧಕ, ಎಡಕ್ಕೆ ಕತ್ತಿ ಕಟ್ಟಿ, ಮೇಲಂಗಿ ಹೊದ್ದು, ಕೈಯಲ್ಲಿ ಸಣ್ಣ ಬೆತ್ತ ಹಿಡಿದ ಕ್ಯಾಪ್ಟನ್.

ಮೊದಲ ಹೆಂಡತಿಗೆ ಏನಾಯಿತು?

ಹೆಸರು ರೋಸ್. ಮೇಫ್ಲವರ್‌ನಲ್ಲಿ ಗಂಡನ ಜತೆಗೇ ಬಂದವಳು, 1621ರ ಜನವರಿ 29ರಂದು ತೀರಿಹೋದಳು. ಆ ಚಳಿಗಾಲದಲ್ಲಿ ಬಂದವರಲ್ಲಿ ಸುಮಾರು ಅರ್ಧದಷ್ಟು ಜನ ಸತ್ತರು. ದಿನಕ್ಕೆ ಇಬ್ಬರು ಮೂವರು ಸತ್ತ ದಿನಗಳೂ ಇದ್ದವು. ಎದ್ದು ಓಡಾಡುವ ಸ್ಥಿತಿಯಲ್ಲಿ ಆರೇಳು ಮಂದಿ ಮಾತ್ರ ಉಳಿದ ಹೊತ್ತಿನ ಬಗ್ಗೆ ಮುಂದೆ ಗವರ್ನರ್ ಆದ ವಿಲಿಯಂ ಬ್ರಾಡ್‌ಫರ್ಡ್ ಬರೆದಿಟ್ಟಿದ್ದಾನೆ. ಆ ಆರೇಳು ಮಂದಿ ಸೌದೆ ತಂದರು, ಬೆಂಕಿ ಹಾಕಿದರು, ಅಡುಗೆ ಮಾಡಿದರು, ಹಾಸಿಗೆ ಸರಿಪಡಿಸಿದರು, ಹೇಸಿಗೆಯಾದ ಬಟ್ಟೆ ಒಗೆದರು, ರೋಗಿಗಳಿಗೆ ಉಡಿಸಿ ತೊಡಿಸಿದರು. ಅವರಲ್ಲಿ ಬ್ರಾಡ್‌ಫರ್ಡ್ ಹೆಸರು ಹಿಡಿದು ಹೇಳಿದ್ದು ಇಬ್ಬರನ್ನು: ಹಿರಿಯ ವಿಲಿಯಂ ಬ್ರೂಸ್ಟರ್ ಮತ್ತು ಕ್ಯಾಪ್ಟನ್ ಸ್ಟ್ಯಾಂಡಿಶ್. ಹಾಸಿಗೆ ಹಿಡಿದವರಲ್ಲಿ ತಾನೂ ಇದ್ದೆ ಎಂದು ಕೃತಜ್ಞತೆಯಿಂದ ಸೇರಿಸಿದ್ದಾನೆ. ಸ್ಟ್ಯಾಂಡಿಶ್ ಮಾಡಿದ್ದರಲ್ಲೆಲ್ಲ ಇದೇ ದೊಡ್ಡ ಕೆಲಸ ಅನ್ನುವವರ ಪೈಕಿ ನಾನೂ ಒಬ್ಬ.

ಬಾರ್ಬರಾ ಯಾರು? ರೋಸ್‌ಳ ತಂಗಿಯೇ?

1623ರಲ್ಲಿ 'ಆ್ಯನ್' ಎಂಬ ಹಡಗಿನಲ್ಲಿ ಬಂದ ಬಾರ್ಬರಾಳನ್ನು ಸ್ಟ್ಯಾಂಡಿಶ್ ಮದುವೆಯಾದ. ತವರಿನ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ತಂಗಿ ಎಂಬ ಮಾತು ಬಾಯಿಂದ ಬಾಯಿಗೆ ಹರಿದು ಬಂದದ್ದಷ್ಟೇ, ಪುರಾವೆ ಇಲ್ಲ. ಮಕ್ಕಳೆಲ್ಲರ ತಾಯಿ ಈಕೆಯೇ, ಗಂಡನ ನಂತರವೂ ಬದುಕಿದ್ದಳು.

ಪ್ರಿಸಿಲ್ಲಾ ಎಂಬ ಹುಡುಗಿಯನ್ನು ತನಗೆ ಮದುವೆಗೆ ಕೇಳಲು ಗೆಳೆಯ ಜಾನ್ ಆಲ್ಡನ್‌ನನ್ನು ಕಳಿಸಿ ಪೆಟ್ಟು ತಿಂದ ಕಥೆ ನಿಜವೇ?

ಈ ಕಥೆ ಮನೆಮಾತಾದದ್ದು ಅಮೆರಿಕದ ಕವಿ ಲಾಂಗ್‌ಫೆಲೋ 1858ರಲ್ಲಿ ಪ್ರಕಟಿಸಿದ ಕಥನಕವನದಿಂದ, ಅಂದರೆ ಸ್ಟ್ಯಾಂಡಿಶ್ ಸತ್ತು 200 ವರ್ಷ ಆದಮೇಲೆ. ಈ ಕವಿಯೇ ಆಲ್ಡನ್ ಮತ್ತು ಪ್ರಿಸಿಲ್ಲಾ ದಂಪತಿಯ ವಂಶದವನು. ಹೆಣ್ಣನ್ನು ಗೆಲ್ಲುವವನು ಅವನದೇ ಮುತ್ತಾತ ಆಗಿರುವುದರಲ್ಲಿ ಅಚ್ಚರಿಯೇನಿಲ್ಲ! ಆ ಕಾಲದ ಯಾವ ಕಾಗದದಲ್ಲೂ ಈ ಸಂಗತಿ ಇಲ್ಲ. ಇರುವುದು ಇಷ್ಟು: ಆಲ್ಡನ್ ಮತ್ತು ಸ್ಟ್ಯಾಂಡಿಶ್ ಡಕ್ಸ್‌ಬರಿಯಲ್ಲಿ ವರ್ಷಾನುಗಟ್ಟಲೆ ನೆರೆಹೊರೆಯವರಾಗಿದ್ದರು, ಊರಿನ ಸಾಲಕ್ಕೆ ಒಟ್ಟಿಗೇ ಹೊಣೆ ನಿಂತರು, ಕೊನೆಗೆ ಸ್ಟ್ಯಾಂಡಿಶ್‌ನ ಹಿರಿಮಗ ಅಲೆಕ್ಸಾಂಡರ್ ಆಲ್ಡನ್‌ನ ಮಗಳು ಸಾರಾಳ ಕೈಹಿಡಿದು ಎರಡು ಮನೆಗಳೂ ಬೀಗರಾದವು.

ವೆಸ್ಸಗಸೆಟ್‌ನಲ್ಲಿ ನಡೆದದ್ದೇನು?

ಪ್ರೇಮಕಥೆಗಿಂತ ಹೆಚ್ಚು ಗೊತ್ತಿರಬೇಕಾದದ್ದು ಇದು, ಆದರೆ ಕಡಿಮೆ ಜನ ಕೇಳುತ್ತಾರೆ.

ಲಂಡನ್ನಿನ ವ್ಯಾಪಾರಿ ಥಾಮಸ್ ವೆಸ್ಟನ್ 1622ರಲ್ಲಿ ಈಗಿನ ವೇಮತ್ ಊರಿನ ಜಾಗದಲ್ಲಿ ವೆಸ್ಸಗಸೆಟ್ ಎಂಬ ಇನ್ನೊಂದು ವಸಾಹತು ಹೂಡಿಸಿದ. ಅಲ್ಲಿನವರು ಇದ್ದ ಕಾಳು ಖಾಲಿ ಮಾಡಿ, ಹಸಿವಿಗೆ ಮ್ಯಾಸಚೂಸೆಟ್ ಬುಡಕಟ್ಟಿನವರ ಮೆಕ್ಕೆಜೋಳ ಕದಿಯತೊಡಗಿದರು. ಎರಡು ಕಡೆಯೂ ಸಿಟ್ಟು ಬೆಳೆಯಿತು. 1623ರ ಮಾರ್ಚ್‌ನಲ್ಲಿ ಪ್ಲಿಮತ್‌ನ ಮಿತ್ರನಾಗಿದ್ದ ವಾಂಪನೊಆಗ್ ಬುಡಕಟ್ಟಿನ ನಾಯಕ ಮಸಸೊಯಿಟ್ ಜಡ್ಡು ಬಿದ್ದಾಗ ವಸಾಹತಿನ ಎಡ್ವರ್ಡ್ ವಿನ್ಸ್‌ಲೋ ಹೋಗಿ ಆರೈಕೆ ಮಾಡಿದ. ಚೇತರಿಸಿಕೊಂಡ ಮಸಸೊಯಿಟ್, ಎರಡೂ ವಸಾಹತುಗಳನ್ನು ಮುಗಿಸಲು ಸಂಚು ನಡೆದಿದೆ ಎಂದು ತಿಳಿಸಿದ. ಸಂಚು ನಿಜವಿತ್ತೇ, ಎಷ್ಟು ದೊಡ್ಡದಿತ್ತು ಎಂಬುದರ ಬಗ್ಗೆ ಇತಿಹಾಸಕಾರರು ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ.

ಸ್ಟ್ಯಾಂಡಿಶ್ ಕೇವಲ ಎಂಟು ಜನರೊಂದಿಗೆ, ವ್ಯಾಪಾರಕ್ಕೆ ಬಂದವನ ಸೋಗಿನಲ್ಲಿ ಹೊರಟ. ವೆಸ್ಸಗಸೆಟ್‌ನಲ್ಲಿ ಪೆಕ್ಸೂಟ್ ಎಂಬ ಆಜಾನುಬಾಹು ಯೋಧ, ನೀನು ದೊಡ್ಡ ನಾಯಕನಿರಬಹುದು, ಆಳು ಮಾತ್ರ ಕುಳ್ಳ ಎಂದು ಅವನನ್ನು ಹಂಗಿಸಿದ. ಮರುದಿನ ಪೆಕ್ಸೂಟ್, ಅವನ ಜತೆಗಾರ ವಿಟುವಾಮಟ್ ಮತ್ತು ಇನ್ನಿಬ್ಬರು ಒಂದು ಕೋಣೆಯಲ್ಲಿದ್ದಾಗ ಸ್ಟ್ಯಾಂಡಿಶ್ ಸನ್ನೆ ಮಾಡಿ ಬಾಗಿಲು ಹಾಕಿಸಿದ. ಪೆಕ್ಸೂಟ್‌ನ ಕೊರಳಿಗೆ ತೂಗಿದ್ದ ಅವನದೇ ಚೂರಿಯನ್ನು ಕಿತ್ತು ಅದರಿಂದಲೇ ಅವನನ್ನು ಇರಿದು ಕೊಂದ. ವಿಟುವಾಮಟ್‌ನನ್ನೂ ಮತ್ತೊಬ್ಬನನ್ನೂ ಉಳಿದವರು ಕೊಂದರು. ವಿಟುವಾಮಟ್‌ನ ಹದಿನೆಂಟರ ಆಸುಪಾಸಿನ ತಮ್ಮನನ್ನು ನೇಣಿಗೆ ಹಾಕಿದರು. ಅಷ್ಟು ಗಾಯ ತಿಂದೂ ಅವರು ಒಂದು ಕೂಗು ಹಾಕದೆ ಕೊನೆಯವರೆಗೆ ಸೆಣಸಿದರೆಂದು ವಿನ್ಸ್‌ಲೋ ದಾಖಲಿಸಿದ್ದಾನೆ. ವಿಟುವಾಮಟ್‌ನ ತಲೆ ಪ್ಲಿಮತ್ ಕೋಟೆಯ ಮೇಲೇರಿತು. ಅದೇ ಕೋಟೆ, ಭಾನುವಾರ ಕೆಳಗೆ ಪ್ರಾರ್ಥನೆ ನಡೆಯುತ್ತಿದ್ದದ್ದು.

ಪರಿಣಾಮ? ಸುತ್ತಲಿನ ಬುಡಕಟ್ಟುಗಳು ಹೆದರಿ ಊರು ಬಿಟ್ಟು ಜವುಗು ಕಾಡು ಸೇರಿದವು. ಬಿತ್ತನೆ ನಿಂತಿತು, ಹಲವರು ರೋಗ ಬಡಿದು ಸತ್ತರು. ಪ್ಲಿಮತ್‌ಗೆ ಆದಾಯ ತರುತ್ತಿದ್ದ ತುಪ್ಪಳದ ವ್ಯಾಪಾರವೂ ಕುಸಿಯಿತು. ವೆಸ್ಸಗಸೆಟ್ ಪಾಳುಬಿತ್ತು.

ಅವರದೇ ಪೈಕಿ ಯಾರೂ ವಿರೋಧಿಸಲಿಲ್ಲವೇ?

ವಿರೋಧಿಸಿದವನು ಸಣ್ಣವನಲ್ಲ, ಲೈಡನ್‌ನಲ್ಲೇ ಉಳಿದಿದ್ದ ಅವರ ಗುರು ಜಾನ್ ರಾಬಿನ್ಸನ್. 1623ರ ಡಿಸೆಂಬರ್‌ನಲ್ಲಿ ಬ್ರಾಡ್‌ಫರ್ಡ್‌ಗೆ ಪತ್ರ ಬರೆದು, ಯಾರನ್ನಾದರೂ ಕೊಲ್ಲುವ ಮೊದಲು ಕೆಲವರನ್ನಾದರೂ ಧರ್ಮಕ್ಕೆ ತಂದಿದ್ದರೆ ಎಷ್ಟು ಚೆನ್ನಿತ್ತು ಎಂದು ಮರುಗಿದ. ಕ್ಯಾಪ್ಟನ್ ಮೇಲೆ ತನಗೆ ಪ್ರೀತಿಯಿದೆ, ಆದರೆ ದೇವರ ರೂಪದಲ್ಲಿ ಸೃಷ್ಟಿಯಾದ ಮನುಷ್ಯನ ಜೀವದ ಬಗ್ಗೆ ಇರಬೇಕಾದ ಮಾರ್ದವ ಅವನಲ್ಲಿ ಕಡಿಮೆಯೇನೋ ಎಂದು ಶಂಕಿಸಿದ. ಸ್ಟ್ಯಾಂಡಿಶ್ ಇದಕ್ಕೆ ಬರೆದ ಉತ್ತರ ಯಾವುದೂ ಉಳಿದಿಲ್ಲ. ಆದರೆ ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಬರೆಸಿದ ಉಯಿಲಿನಲ್ಲಿ ಮರ್ಸಿ ರಾಬಿನ್ಸನ್ ಎಂಬ ಹುಡುಗಿಗೆ 3 ಪೌಂಡ್ ಬಿಟ್ಟಿದ್ದಾನೆ, ಅವಳ ಅಜ್ಜನ ಸಲುವಾಗಿ ಅವಳ ಮೇಲೆ ತನಗೆ ಅಕ್ಕರೆ ಎಂಬ ಕಾರಣ ಕೊಟ್ಟು. ಆ ಅಜ್ಜ ಇದೇ ರಾಬಿನ್ಸನ್.

ನೋಡಲು ಹೇಗಿದ್ದ?

ಬದುಕಿದ್ದಾಗ ಬರೆದದ್ದೆಂದು ನಂಬಬಹುದಾದ ಚಿತ್ರವಿಲ್ಲ. ಕುಳ್ಳಗಿದ್ದ, ಮುಂಗೋಪಿ ಎನ್ನುವುದರಲ್ಲಿ ಮಿತ್ರರಿಗೂ ಶತ್ರುಗಳಿಗೂ ಒಮ್ಮತ. ಶತ್ರುಗಳ ಪೈಕಿ ಬಾಯಿ ಜೋರಿದ್ದವನು ಥಾಮಸ್ ಮಾರ್ಟನ್. ಮೆರಿಮೌಂಟ್ ಎಂಬಲ್ಲಿ 80 ಅಡಿಯ ಕಂಬ ನೆಟ್ಟು, ಕುಡಿದು ಕುಣಿದು, ಮೂಲನಿವಾಸಿಗಳಿಗೆ ಬಂದೂಕು ಮಾರುತ್ತಾನೆಂಬ ಆರೋಪದ ಮೇಲೆ 1628ರಲ್ಲಿ ಸ್ಟ್ಯಾಂಡಿಶ್ ಹೋಗಿ ಅವನನ್ನು ಹಿಡಿದುತಂದ. ಇಂಗ್ಲೆಂಡಿಗೆ ಗಡೀಪಾರಾದ ಮಾರ್ಟನ್ ಮುಂದೆ ಪುಸ್ತಕ ಬರೆದು ಇವನಿಗೆ 'ಕ್ಯಾಪ್ಟನ್ ಸೀಗಡಿ' ಎಂದು ಹೆಸರಿಟ್ಟ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅನ್ನುತ್ತೇವಲ್ಲ, ಇಲ್ಲಿ ಅಪಕೀರ್ತಿಯೂ ಅಷ್ಟೇ ದೊಡ್ಡದು.

ಎಲ್ಲ ದಂಡಯಾತ್ರೆಯಲ್ಲೂ ಗೆದ್ದನೇ?

ಇಲ್ಲ. 1635ರಲ್ಲಿ ಫ್ರೆಂಚರು ಕಿತ್ತುಕೊಂಡಿದ್ದ ಪೆನಾಬ್‌ಸ್ಕಾಟ್‌ನ ವ್ಯಾಪಾರಠಾಣೆ ಬಿಡಿಸಲು ಹೋದಾಗ, ಬಾಡಿಗೆಗೆ ಹಿಡಿದಿದ್ದ ಹಡಗಿನ ನಾಯಕ ಗರ್ಲಿಂಗ್ ದೂರದಿಂದಲೇ ಗುಂಡು ಹಾರಿಸಿ ಹಾರಿಸಿ ಮದ್ದು ಮುಗಿಸಿಬಿಟ್ಟ. ಸ್ಟ್ಯಾಂಡಿಶ್ ಬರಿಗೈಯಲ್ಲಿ ಮರಳಿದ.

ಹಣದ ವ್ಯವಹಾರದಲ್ಲಿ ಹೇಗೆ?

ಕತ್ತಿಗಿಂತ ಹೆಚ್ಚು ವರ್ಷ ಲೆಕ್ಕದ ಪುಸ್ತಕ ಹಿಡಿದವನು ಅಂದರೂ ನಡೆಯುತ್ತದೆ. 1625ರಲ್ಲಿ ಲಂಡನ್ ವ್ಯಾಪಾರಿಗಳ ಜತೆ ಮಾತುಕತೆಗೆ ವಸಾಹತು ಕಳಿಸಿದ್ದು ಅವನನ್ನೇ. ಹೋದಾಗ ಲಂಡನ್ನಿನಲ್ಲಿ ಪ್ಲೇಗು, ವ್ಯಾಪಾರ ಸ್ತಬ್ಧ. ಸಿಕ್ಕಿದ್ದು 150 ಪೌಂಡ್ ಸಾಲ, ಶೇಕಡಾ 50ರ ಬಡ್ಡಿಗೆ! ಜತೆಗೆ ರಾಬಿನ್ಸನ್ ತೀರಿಹೋದ ಸುದ್ದಿಯನ್ನೂ ಹೊತ್ತು 1626ರಲ್ಲಿ ವಾಪಸಾದ. ಮರುವರ್ಷ ವಸಾಹತಿನ ಒಟ್ಟು ಸಾಲಕ್ಕೆ ಹೊಣೆ ಹೊತ್ತ ಪ್ಲಿಮತ್‌ನ ಎಂಟು ಜನರಲ್ಲಿ ಅವನೂ ಒಬ್ಬ. 1640ರ ದಶಕದಲ್ಲಿ ಕೆಲ ವರ್ಷ ವಸಾಹತಿನ ಖಜಾಂಚಿಯೂ ಆಗಿದ್ದ.

ಕೆಂಪು ಹಸುವಿನ ಕಥೆ ಏನು?

ನನಗೆ ತುಂಬ ಇಷ್ಟವಾದ ದಾಖಲೆ ಇದು. 1627ರ ಮೇ 22ರಂದು ಊರಿನ ದನಕರುಗಳನ್ನು ಹಂಚಿದರು. 13 ಜನರ ಒಂದು ಗುಂಪಿನಂತೆ 12 ಗುಂಪು, ಚೀಟಿ ಎತ್ತಿ ನಿರ್ಧಾರ. ಮೂರನೆಯ ಗುಂಪಿನಲ್ಲಿ ಸ್ಟ್ಯಾಂಡಿಶ್, ಬಾರ್ಬರಾ, ಅವರ ಮಕ್ಕಳಾದ ಚಾರ್ಲ್ಸ್, ಅಲೆಕ್ಸಾಂಡರ್, ಜಾನ್, ಜತೆಗೆ ವಿನ್ಸ್‌ಲೋ ಸಂಸಾರ ಮತ್ತು ಕೆಲವರು. ಇವರ ಪಾಲಿಗೆ ಬಂದದ್ದು ಕಾಲೊನಿಯ ಬಡವರಿಗೆಂದು ಮೀಸಲಿದ್ದ ಕೆಂಪು ಹಸು ಮತ್ತು ಎರಡು ಹೆಣ್ಣು ಆಡು. ಒಂದು ಹಸುವಿಗೆ 13 ಪಾಲುದಾರರು! ಸ್ಟ್ಯಾಂಡಿಶ್ ಸುಮ್ಮನಿರಲಿಲ್ಲ. ವಿನ್ಸ್‌ಲೋನ ಆರು ಪಾಲುಗಳನ್ನು 5 ಪೌಂಡ್ 10 ಶಿಲ್ಲಿಂಗ್‌ಗೆ, ಅದೂ ಹಣದ ಬದಲು ಕಾಳಿನ ರೂಪದಲ್ಲಿ, ಕೊಂಡ. ಏಬ್ರಹಾಂ ಪಿಯರ್ಸ್‌ನ ಎರಡು ಪಾಲಿಗೆ ಎರಡು ಹೆಣ್ಣು ಕುರಿಮರಿ ಕೊಟ್ಟ. ಮನೆಯವರ ಐದು ಪಾಲಿನ ಜತೆ ಕೂಡಿಸಿ ನೋಡಿ, ಹಸು ಪೂರ್ತಿ ಅವನದಾಯಿತು.

ಡಕ್ಸ್‌ಬರಿಗೆ ಹೋದದ್ದೇಕೆ?

ದನ ಹೆಚ್ಚಿದವು, ಮೇವಿಗೆ ಜಾಗ ಬೇಕಾಯಿತು. 1630ರ ದಶಕದ ಆರಂಭದಲ್ಲಿ ಸ್ಟ್ಯಾಂಡಿಶ್, ಆಲ್ಡನ್, ಬ್ರೂಸ್ಟರ್ ಮೊದಲಾದವರು ಕೊಲ್ಲಿಯ ಆಚೆ ದಡಕ್ಕೆ ಹೋಗಿ ಹೊಲಮನೆ ಮಾಡಿದರು. 1637ರಲ್ಲಿ ಅದು ಪ್ರತ್ಯೇಕ ಊರಾಯಿತು. ಊರು ಒಡೆಯಿತೆಂದು ಬ್ರಾಡ್‌ಫರ್ಡ್ ನೊಂದುಕೊಂಡ. ವೆಸ್ಸಗಸೆಟ್‌ಗೆ ಜತೆಯಲ್ಲಿ ಹೋಗಿದ್ದ ವಾಂಪನೊಆಗ್ ಯೋಧ ಹಾಬಮಾಕ್ ಕೂಡ ತನ್ನ ಕೊನೆಗಾಲವನ್ನು ಸ್ಟ್ಯಾಂಡಿಶ್ ಆಶ್ರಯದಲ್ಲಿ ಡಕ್ಸ್‌ಬರಿಯಲ್ಲೇ ಕಳೆದ.

ನೆಲದ ಹಸಿವು ಅಲ್ಲಿಗೇ ನಿಲ್ಲಲಿಲ್ಲ. 1649ರಲ್ಲಿ ಸ್ಟ್ಯಾಂಡಿಶ್ ಮತ್ತಿಬ್ಬರು ಡಕ್ಸ್‌ಬರಿಯವರ ಪರವಾಗಿ ಮಸಸೊಯಿಟ್‌ನಿಂದ ಈಗಿನ ಬ್ರಿಜ್‌ವಾಟರ್ ಸೀಮೆ ಕೊಂಡರು. ಕೊಟ್ಟ ಬೆಲೆ 7 ಕೋಟು, 9 ಕೈಕೊಡಲಿ, 8 ಗುದ್ದಲಿ, 20 ಚಾಕು, ಮೂಸ್ ಎಂಬ ದೊಡ್ಡ ಜಿಂಕೆಯ 4 ಚರ್ಮ, ಹತ್ತೂವರೆ ಗಜ ಹತ್ತಿಬಟ್ಟೆ. ಹಲವು ಮೈಲಿ ಅಗಲದ ಸೀಮೆಗೆ ಇದು ಕ್ರಯವೆಂದರೆ ಕ್ರಯ, ಲೂಟಿಯೆಂದರೆ ಲೂಟಿ. ನನ್ನ ಮತ ಎರಡನೆಯದಕ್ಕೆ.

ಮಕ್ಕಳು ಏನಾದರು?

ಚಾರ್ಲ್ಸ್ ಮತ್ತು ಜಾನ್ ಚಿಕ್ಕಂದಿನಲ್ಲೇ ತೀರಿಕೊಂಡರು. ಮುಂದೆ ಹುಟ್ಟಿದ ಮತ್ತೊಬ್ಬ ಮಗನಿಗೂ ಚಾರ್ಲ್ಸ್ ಎಂದೇ ಹೆಸರಿಟ್ಟರು. ಅಲೆಕ್ಸಾಂಡರ್ ಡಕ್ಸ್‌ಬರಿಯಲ್ಲೇ ಉಳಿದು 1702ರವರೆಗೆ ಬಾಳಿದ. ಅಪ್ಪನ ಹೆಸರಿನ ಮೈಲ್ಸ್ 1660ರಲ್ಲಿ ಬಾಸ್ಟನ್‌ನಲ್ಲಿ ಸಾರಾ ವಿನ್ಸ್‌ಲೋಳನ್ನು ಮದುವೆಯಾದ. ಕೆಲವೇ ವರ್ಷದಲ್ಲಿ ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ಜೋಸೈಯಾ ಅಪ್ಪನ ಹಾದಿ ಹಿಡಿದು ಮಿಲಿಷಿಯಾದಲ್ಲಿ ಕ್ಯಾಪ್ಟನ್ ಆದ, ಆಮೇಲೆ ಕನೆಕ್ಟಿಕಟ್ ಸೇರಿದ.

ಒಬ್ಬಳೇ ಮಗಳು ಲೋರಾ. ಅಪ್ಪನಿಗಿಂತ ಮೊದಲೇ ತೀರಿಹೋದಳು. ಅವಳು ಹಾಕಿದ ಕಸೂತಿಯ ಪಟ್ಟಿಯೊಂದು ಉಳಿದಿದೆ. ಉದ್ದನೆಯ ಬಟ್ಟೆಯ ಮೇಲೆ ಸಾಲು ಸಾಲು ವಿನ್ಯಾಸ, ಕೆಳಗೆ ತನ್ನ ಹೆಸರು, ದೇವರೇ ನನ್ನ ಮನಸ್ಸನ್ನು ನಡೆಸು ಎಂಬ ಪ್ರಾರ್ಥನೆ. ಅಮೆರಿಕದ ವಸಾಹತುಗಳಲ್ಲಿ ಮಾಡಿದ, ಇಂದಿಗೂ ಉಳಿದಿರುವ ಇಂಥ ಕಸೂತಿಗಳಲ್ಲಿ ಇದೇ ಅತಿ ಹಳೆಯದೆಂದು ಹೆಸರು. ಮಗಳು ಲೋರಾ ಮತ್ತು ಸೊಸೆ ಮೇರಿಯ ಸಮಾಧಿಗಳ ಹತ್ತಿರವೇ ತನ್ನನ್ನೂ ಹೂಳಬೇಕೆಂದು ಸ್ಟ್ಯಾಂಡಿಶ್ ಉಯಿಲಿನಲ್ಲಿ ಕೇಳಿಕೊಂಡ.

ಸತ್ತಾಗ ಅವನ ಬಳಿ ಏನೇನಿತ್ತು?

ಮೂತ್ರಕೋಶದ ಕಲ್ಲಿನ ಬೇನೆಯಿಂದ ಸತ್ತ. ಒಟ್ಟು ಆಸ್ತಿ 358 ಪೌಂಡ್ 7 ಶಿಲ್ಲಿಂಗ್, ಆ ಕಾಲಕ್ಕೆ ಅನುಕೂಲಸ್ಥರ ಲೆಕ್ಕ. ಬಂದೂಕುಗಳು, ಕತ್ತಿ, ದನ, ಕುದುರೆ, ಪಾತ್ರೆಪಗಡ. ಅಚ್ಚರಿ ಹುಟ್ಟಿಸುವುದು ಪುಸ್ತಕದ ಕಪಾಟು: ಸೀಸರನ ಯುದ್ಧಕಥನ, ಹೋಮರನ ಕಾವ್ಯ, ಫಿರಂಗಿ ವಿದ್ಯೆಯ ಕೈಪಿಡಿ, ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನ್‌ನ ಧರ್ಮಗ್ರಂಥ, ಮೂರು ಹಳೆಯ ಬೈಬಲ್. ಕ್ಯಾಲ್ವಿನ್ ಮನೆಯಲ್ಲಿದ್ದರೂ ಪ್ಲಿಮತ್ ಚರ್ಚಿಗೆ ಅವನು ಸದಸ್ಯನಾಗಿದ್ದನೆಂದು ತೋರಿಸುವ ದಾಖಲೆ ಇಲ್ಲ. ಕ್ಯಾಥೊಲಿಕ್ ಆಗಿದ್ದ ಎನ್ನುವವರಿಗೂ ಊಹೆಯಾಚೆ ಆಧಾರವಿಲ್ಲ.

ಬಾಸ್ಟನ್ ಕಡೆ ಇದ್ದೇವೆ, ನೋಡಲು ಏನಿದೆ?

ಆ ಭಾಗದಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ, ಊರಿಂದ ಬಂದ ಅಪ್ಪ ಅಮ್ಮನನ್ನು ವಲಸಿಗರು ಕಾಲಿಟ್ಟ ಜಾಗವೆನ್ನುವ ಪ್ಲಿಮತ್ ಬಂಡೆ ತೋರಿಸಲು ಕರೆದೊಯ್ಯುವುದೂ ರೂಢಿ. ಬಂಡೆಗೆ ಐದು ನಿಮಿಷ ಸಾಕು. ಉಳಿದ ಹೊತ್ತನ್ನು ಪಿಲ್ಗ್ರಿಮ್ ಹಾಲ್ ಮ್ಯೂಸಿಯಂಗೆ ಕೊಡಿ. ಲೋರಾಳ ಕಸೂತಿ, ಸ್ಟ್ಯಾಂಡಿಶ್‌ನದೆನ್ನುವ ಕತ್ತಿ ಅಲ್ಲಿವೆ. ಪ್ಲಿಮತ್ ಪಟಕ್ಸೆಟ್ ಮ್ಯೂಸಿಯಂನಲ್ಲಿ 1620ರ ದಶಕದ ಊರನ್ನೇ ಮರುನಿರ್ಮಿಸಿದ್ದಾರೆ, ವಾಂಪನೊಆಗ್ ಬದುಕಿಗೂ ಜಾಗ ಕೊಟ್ಟಿದ್ದಾರೆ. ಡಕ್ಸ್‌ಬರಿಯ ಕ್ಯಾಪ್ಟನ್ಸ್ ಹಿಲ್ ಮೇಲೆ 1898ರಲ್ಲಿ ಪೂರ್ಣಗೊಂಡ 116 ಅಡಿಯ ಸ್ಮಾರಕ, ಅದರ ತುದಿಯಲ್ಲಿ ಕುಳ್ಳ ಕ್ಯಾಪ್ಟನ್‌ನ 14 ಅಡಿಯ ಪ್ರತಿಮೆ. ಸಮಾಧಿಯನ್ನು ಗುರುತಿಸಲು 1889 ಮತ್ತು 1891ರಲ್ಲಿ ಅಗೆದು ನೋಡಿದ್ದರು. ಈಗ ಸುತ್ತ ಫಿರಂಗಿಗಳಿಟ್ಟ ಗುರುತಿದೆ.

ಅವನ ವಂಶದವರು ಈಗಲೂ ಇದ್ದಾರೆಯೇ?

ಸಾವಿರಾರು ಜನ. ಆದರೆ ವಂಶ ಮುಂದುವರಿದಿರುವುದು ಅಲೆಕ್ಸಾಂಡರ್ ಮತ್ತು ಜೋಸೈಯಾ ಇಬ್ಬರ ಮೂಲಕ ಮಾತ್ರ. ಮೇಫ್ಲವರ್ ವಂಶಸ್ಥರ ಸಂಘಕ್ಕೆ ಅರ್ಜಿ ಹಾಕುವವರು ಪ್ರತಿ ತಲೆಮಾರಿಗೂ ಹುಟ್ಟು, ಮದುವೆ, ಸಾವಿನ ದಾಖಲೆ ಕೊಟ್ಟು ಈ ಇಬ್ಬರಲ್ಲಿ ಒಬ್ಬನವರೆಗೆ ತಲುಪಬೇಕು. ಸ್ಟ್ಯಾಂಡಿಶ್ ಎಂಬ ಮನೆಹೆಸರು ಇದ್ದರಷ್ಟೇ ಸಾಲದು. ಆ ಹೆಸರಿನ ಬೇರೆ ಕುಟುಂಬಗಳೂ ಇಂಗ್ಲೆಂಡಿನಿಂದ ಬಂದಿವೆ.